ಹಳೇ 80ರ ಗುಂಟ: ಸ್ಯಾನ್ ಡಿಯಾಗೊದಿಂದ ಯೂಮಾಗೆ, ನಿಧಾನವಾಗಿ

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಿಂದ ಅರಿಜೋನಾದ ಯೂಮಾಗೆ ಎಷ್ಟು ಹೊತ್ತು ಅಂತ ಫೋನನ್ನು ಕೇಳಿದರೆ ಎರಡೂವರೆ ಗಂಟೆ ಅನ್ನುತ್ತದೆ. ಸುಮಾರು 170 ಮೈಲಿ. ಐ-8 ಹೆದ್ದಾರಿ ಹಿಡಿದರೆ ಒಂದೇ ದಾರಿ. ಫೀನಿಕ್ಸ್‌ನಲ್ಲಿ ನೆಂಟರಿರುವ ನಮ್ಮವರೆಲ್ಲ ಹಾಗೇ ಹೋಗುತ್ತಾರೆ, ನಾನೂ ನಾಲ್ಕೈದು ವರ್ಷ ಹಾಗೇ ಹೋಗಿ ಬಂದೆ. ಹಿಂದಿನ ಸೀಟಿನಲ್ಲಿ ಮಕ್ಕಳಿಗೆ ನಿದ್ದೆ, ಮುಂದೆ ನಮಗೆ ಹಾಡು ಮತ್ತು ಹರಟೆ. ಕಿಟಕಿಯಾಚೆ ಏನಿದೆ ಅಂತ ನೋಡಿದವರು ಯಾರು?

ಒಂದು ಸಲ ಇಂಕೋಪಾ ಘಾಟಿಯಲ್ಲಿ ಮುಂದೆ ಯಾವುದೋ ಲಾರಿ ಮಗುಚಿ ದಾರಿ ಬಂದ್ ಆಯಿತು. ಮುಕ್ಕಾಲು ಗಂಟೆ ಸುಮ್ನೆ ಕೂತೆವು. ಆಗ ಕೆಳಗೆ ನೋಡಿದರೆ ಕಮರಿಯಲ್ಲಿ ಇನ್ನೊಂದು ರಸ್ತೆ! ಬಿರುಕು ಬಿಟ್ಟಿದೆ, ನಡುವೆ ಪೊದೆ ಬೆಳೆದಿದೆ, ಒಂದು ದೊಡ್ಡ ಬಂಡೆಯನ್ನು ಸುತ್ತಿಕೊಂಡು ಬಂದು ನಮ್ಮ ಹೆದ್ದಾರಿಯ ಮಣ್ಣಿನಡಿ ಮಾಯವಾಗಿದೆ. ಅದು ಹಳೇ ಯು.ಎಸ್. 80 ಹೆದ್ದಾರಿ ಅಂತ ಆಮೇಲೆ ಗೊತ್ತಾಯಿತು. 1926ರಲ್ಲಿ ಈ ನಂಬರು ಕೊಟ್ಟಾಗ ಅದು ಈ ಕಡೆ ಸ್ಯಾನ್ ಡಿಯಾಗೊದಿಂದ ಆ ಕಡೆ ಜಾರ್ಜಿಯಾದ ಸಮುದ್ರದ ದಂಡೆಯವರೆಗೆ ಹೋಗುತ್ತಿತ್ತು.

ಅಲ್ಲಿಂದ ನನಗೆ ಈ ದಾರಿಯ ಹುಚ್ಚು. ಈ ಬೆಟ್ಟವಾಗಲಿ ಆ ಮರಳಾಗಲಿ ಯಾರಿಗೂ ಸಲೀಸಾಗಿ ದಾರಿ ಬಿಟ್ಟಿಲ್ಲ. ಒಂದು ರಸ್ತೆ ಹಾಕಿದರು, ಸಾಲಲಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಕಿದರು. ಹಳೆಯದನ್ನು ಕಿತ್ತು ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ. ಮಳೆ ಕಡಿಮೆ ಇರುವ ಜಾಗ, ಹಾಗಾಗಿ ಬಿದ್ದಿದ್ದು ಬಿದ್ದ ಹಾಗೇ ಇದೆ. ಎಲ್ಲಿ ಐ-8 ಬಿಟ್ಟು ಇಳಿಯಬೇಕು ಅಂತ ಗೊತ್ತಿದ್ದರೆ ಒಂದೇ ದಿನದಲ್ಲಿ ನೂರೈವತ್ತು ವರ್ಷದ ರಸ್ತೆಗಳನ್ನು ನೋಡಬಹುದು.

ಹೊರಡುವ ಮೊದಲು

ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಬೇಸಿಗೆಯಲ್ಲಿ ಕೆಳಗಿನ ಬಯಲಿನಲ್ಲಿ 45 ಡಿಗ್ರಿ ಸೆಲ್ಸಿಯಸ್ ಮಾಮೂಲು, ಕಾರಿನಿಂದ ಇಳಿಯಲು ಮನಸ್ಸೇ ಬರುವುದಿಲ್ಲ. ಚಳಿಗಾಲದಲ್ಲಿ ಇನ್ನೊಂದು ಪೇಚು: ದಾರಿ 4,000 ಅಡಿ ದಾಟುತ್ತದೆ, ಅಪರೂಪಕ್ಕೆ ಹಿಮ ಬೀಳುತ್ತದೆ. ಹಿಂದಿನ ರಾತ್ರಿ ಹವಾಮಾನ ನೋಡಿಕೊಳ್ಳಿ. ಗಾಳಿಯನ್ನೂ ನೋಡಿ, ಘಾಟಿಯಲ್ಲಿ ಅದು ಕಾರನ್ನೇ ಪಕ್ಕಕ್ಕೆ ನೂಕುತ್ತದೆ.

ನೀರು ಒಬ್ಬರಿಗೆ ನಾಲ್ಕು ಲೀಟರ್. ನಗಬೇಡಿ. ಅದು ಕುಡಿಯುವುದಕ್ಕೆ, ಕಾರಿಗೆ ಬೇರೆ. ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಚಿತ್ರಾನ್ನ, ಚಪಾತಿ, ಏನಾದರೂ ಸರಿ. ನಡುವಿನ ಊರುಗಳು ಪುಟ್ಟವು, ಸಸ್ಯಾಹಾರಿಗಳಿಗೆ ಸಿಗುವುದು ಹೆಚ್ಚಾಗಿ ಫ್ರೆಂಚ್ ಫ್ರೈ. ನಮ್ಮ ಮನೆಯಲ್ಲಿ ಮೊಸರನ್ನದ ಡಬ್ಬಿ ಇಲ್ಲದೆ ಈ ಕಡೆ ಕಾರು ತಿರುಗುವುದಿಲ್ಲ.

ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಬೆಟ್ಟದ ಸಂದಿಯಲ್ಲಿ ಸಿಗ್ನಲ್ ಇರುವುದಿಲ್ಲ, ಇದ್ದರೂ ಕೆಲವು ಕಡೆ ಮೆಕ್ಸಿಕೊದ ಟವರ್ ಹಿಡಿದು "ಮೆಕ್ಸಿಕೊಗೆ ಸ್ವಾಗತ" ಅಂತ ಮೆಸೇಜು ಬರುತ್ತದೆ. ಗಾಬರಿ ಬೇಡ, ನೀವು ಎಲ್ಲೂ ದಾಟಿಲ್ಲ. ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ.

ಇನ್ನು ಕಾಗದಪತ್ರ. ಇದನ್ನು ದಯವಿಟ್ಟು ಮರೆಯಬೇಡಿ. ಗಡಿ ಪಕ್ಕದ ದಾರಿ ಇದು, ವಾಪಸ್ ಬರುವಾಗ ಪೈನ್ ವ್ಯಾಲಿ ಹತ್ತಿರ ಗಡಿ ಪೊಲೀಸರ ತಪಾಸಣೆ ಇದೆ. ಅಮೆರಿಕದ ನಾಗರಿಕರಲ್ಲದ, 18 ದಾಟಿದ ಎಲ್ಲರೂ ಗ್ರೀನ್ ಕಾರ್ಡ್ ಅಥವಾ ಐ-94ನ್ನು (ದೇಶದೊಳಗೆ ಬಂದ ದಾಖಲೆ) ಜೊತೆಯಲ್ಲೇ ಇಟ್ಟುಕೊಂಡಿರಬೇಕು ಅನ್ನುವುದು ಕಾನೂನು. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದರೆ ಅವರ ಪಾಸ್‌ಪೋರ್ಟನ್ನು ಮನೆಯ ಬೀರುವಿನಲ್ಲಿ ಬಿಟ್ಟು ಹೋಗಬೇಡಿ.

ಬೆಳಿಗ್ಗೆ ಏಳೂವರೆಗೆ ಹೊರಡಿ. ಅದಕ್ಕಿಂತ ಬೇಗ ಬೇಡ, ಪೂರ್ವಕ್ಕೆ ಹೋಗುವುದರಿಂದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ.

ಮೊದಲು ಪೈನ್ ವ್ಯಾಲಿವರೆಗೆ

ಊರೊಳಗಿನ ಎಲ್ ಕಹೋನ್ ಬುಲೆವಾರ್ಡ್ ಹಳೇ 80ರ ದಾರಿಯೇ. ಆದರೆ ಅಲ್ಲಿ ಸಿಗ್ನಲ್ ಲೈಟುಗಳ ಕಾಟ ಜಾಸ್ತಿ. ಆಲ್ಪೈನ್ ತನಕ ಐ-8ರಲ್ಲೇ ಹೋಗಿ, ಅಲ್ಲಿ ಟ್ಯಾಂಕ್ ತುಂಬಿಸಿ, 40ನೇ ಎಕ್ಸಿಟ್‌ನಲ್ಲಿ ಇಳಿದು 79ನೇ ರಸ್ತೆ ಹಿಡಿಯಿರಿ. ಸುಮಾರು ಮೂರು ಮೈಲಿ ಹೋದ ಮೇಲೆ ಬಲಕ್ಕೆ ಹಳೇ ಹೈವೇ 80 ಸಿಗುತ್ತದೆ. ಓಕ್ ಮರಗಳ ನಡುವೆ ಗ್ವಾಟಾಯ್, ಆಮೇಲೆ ಪೈನ್ ವ್ಯಾಲಿ. ಎರಡೇ ಲೇನು, ಬೋರ್ಡಿನ ಮೇಲೆ ಹಳೇ ನಂಬರು. ಇಲ್ಲಿ ಮರುಭೂಮಿಯ ಸುಳಿವೇ ಇರುವುದಿಲ್ಲ.

ಪೈನ್ ವ್ಯಾಲಿಯ ಹಳೇ ರಸ್ತೆ ಕಣಿವೆಯ ತಳಕ್ಕೆ ಇಳಿದು, ಹೊಳೆ ದಾಟಿ, ಮತ್ತೆ ಹತ್ತುತ್ತದೆ. ಐ-8 ಇಳಿಯುವುದೇ ಇಲ್ಲ, 450 ಅಡಿ ಎತ್ತರದಲ್ಲಿ ಸೇತುವೆ ಮೇಲೆ ಹಾರಿ ಹೋಗುತ್ತದೆ. ಆ ಸೇತುವೆ 1974ರದ್ದು. ಅಷ್ಟು ಆಳದ ಕಣಿವೆಯಲ್ಲಿ ಕೆಳಗಿನಿಂದ ಸಾರುವೆ ಕಟ್ಟುವ ಹಾಗಿಲ್ಲ. ಅದಕ್ಕೆ ಕಂಬದ ತಲೆಯಿಂದ ಎರಡೂ ಕಡೆ ಸಮನಾಗಿ, ತಕ್ಕಡಿ ತೂಗಿದ ಹಾಗೆ, ತುಂಡು ತುಂಡಾಗಿ ಕಾಂಕ್ರೀಟು ಬೆಳೆಸುತ್ತ ಹೋದರು. ಅಮೆರಿಕದಲ್ಲಿ ಈ ರೀತಿ ಕಟ್ಟಿದ ಮೊದಲ ಸೇತುವೆ ಇದು. ಮೇಲೆ ಹೋಗುವವರಿಗೆ ಸೇತುವೆ ಇದೆ ಅಂತಲೇ ಗೊತ್ತಾಗುವುದಿಲ್ಲ, ಅದೇ ತಮಾಷೆ.

ಹಕುಂಬಾ

ಪೈನ್ ವ್ಯಾಲಿ ಬಿಟ್ಟ ಮೇಲೂ ಹಳೇ ರಸ್ತೆಯನ್ನೇ ಹಿಡಿದು ಹೋಗಿ. ಲಗೂನಾ ಸಮಿಟ್ ದಾಟಿ, ಬಕ್‌ಮನ್ ಸ್ಪ್ರಿಂಗ್ಸ್, ಲೈವ್ ಓಕ್ ಸ್ಪ್ರಿಂಗ್ಸ್, ಬುಲೆವಾರ್ಡ್ ಅನ್ನುವ ಊರು, ಆಮೇಲೆ ಬ್ಯಾಂಕ್‌ಹೆಡ್ ಸ್ಪ್ರಿಂಗ್ಸ್. ಊರ ಹೆಸರಿನಲ್ಲೆಲ್ಲ ಬುಗ್ಗೆ. ಹಿಂದೆ ಗಾಡಿಯವರು, ಆಮೇಲೆ ಕಾರಿನವರು ನೀರು ಎಲ್ಲಿದೆಯೋ ಅಲ್ಲೇ ನಿಲ್ಲುತ್ತಿದ್ದರು, ಹೆಸರು ನೋಡಿದರೇ ತಿಳಿಯುತ್ತದೆ ಅಲ್ವಾ. ಇದೆಲ್ಲ ಇಲ್ಲಿನ ಮೂಲನಿವಾಸಿಗಳಾದ ಕುಮಿಯಾಯ್ ಜನರ ನೆಲ. ಈ ಬುಗ್ಗೆಗಳು ರಸ್ತೆ ಬರುವುದಕ್ಕೆ ಎಷ್ಟೋ ಮುಂಚೆ ಅವರಿಗೆ ಗೊತ್ತಿದ್ದವು.

ಮುಂದಿನ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ನಾನು ತುಂಬ ದಿನ "ಜಕುಂಬಾ" ಅನ್ನುತ್ತಿದ್ದೆ. ಅಂಗಡಿಯಾಕೆ ತಿದ್ದಿದರು. ಹಕುಂಬಾ. ಸ್ಪ್ಯಾನಿಷ್ ರೂಢಿ, "ಜ" ಇದ್ದಲ್ಲಿ "ಹ".

1920ರ ದಶಕದಲ್ಲಿ ಬರ್ಟ್ ವಾನ್ ಅನ್ನುವವರು ಇಲ್ಲಿ ಬಿಸಿನೀರಿನ ಬುಗ್ಗೆ ನಂಬಿ ದೊಡ್ಡ ಹೋಟೆಲ್ ಕಟ್ಟಿಸಿದರು. ಕೆಳಗಿನ ಕಣಿವೆಯ ಸೆಕೆ ತಡೆಯಲಾರದವರು ಬೇಸಿಗೆಯಲ್ಲಿ ಇಲ್ಲಿಗೆ ಹತ್ತಿ ಬರುತ್ತಿದ್ದರು. ಐ-8 ಬಂತು, ಊರನ್ನು ಪಕ್ಕಕ್ಕೆ ಬಿಟ್ಟು ಹೋಯಿತು, ವ್ಯಾಪಾರ ಬಿದ್ದುಹೋಯಿತು. ಹಳೆಯ ಸ್ನಾನದ ಮನೆಯ ಮುರುಕು ಗೋಡೆಗಳು ಈಗಲೂ ನಿಂತಿವೆ. ಊರಿನ ದಕ್ಷಿಣಕ್ಕೆ ತಿರುಗಿದರೆ ಗಡಿ ಬೇಲಿ ಕಾಣಿಸುತ್ತದೆ, ಅಷ್ಟು ಹತ್ತಿರ. ಇಲ್ಲಿ ಅರ್ಧ ಗಂಟೆ ಸಾಕು. ಕಾಲು ಆಡಿಸಿ, ಮುಂದೆ ಹೋಗಿ.

ಗೋಪುರ ಹತ್ತಿ ಆಮೇಲೆ ಇಳಿಯಿರಿ

ಹಕುಂಬಾದಿಂದ ಹಳೇ ರಸ್ತೆ ಇಂಕೋಪಾ ಪಾರ್ಕ್ ರೋಡ್ ಹತ್ತಿರ ಐ-8ಕ್ಕೆ ಬಂದು ಸೇರುತ್ತದೆ, 77ನೇ ಎಕ್ಸಿಟ್. ಅಲ್ಲಿ ಡೆಸರ್ಟ್ ವ್ಯೂ ಟವರ್ ಇದೆ. ಅದೂ ಬರ್ಟ್ ವಾನ್ ಕಟ್ಟಿಸಿದ್ದೇ, 1920ರ ದಶಕದಲ್ಲಿ, ಅಲ್ಲಿನ ಕಲ್ಲಿನಲ್ಲೇ. ಟಿಕೆಟ್ ಇದೆ, ಜೇಬಿನಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಹೊರಗಿನ ಬಂಡೆಗಳಲ್ಲಿ ಹಾವು, ಹಲ್ಲಿ, ತಲೆಬುರುಡೆಗಳನ್ನು ಕೆತ್ತಿದ್ದಾರೆ. 1930ರ ದಶಕದ ಕಷ್ಟಕಾಲದಲ್ಲಿ ಕೆಲಸವಿಲ್ಲದ ರಾಟ್‌ಕ್ಲಿಫ್ ಅನ್ನುವ ಎಂಜಿನಿಯರ್ ಮಾಡಿದ ಕೆಲಸ. ಮಕ್ಕಳು ಅಲ್ಲಿಂದ ಏಳುವುದಿಲ್ಲ, ಅದಕ್ಕೂ ಸಮಯ ಇಟ್ಟುಕೊಳ್ಳಿ.

ಗೋಪುರ ಮಾತ್ರ ತಪ್ಪದೆ ಹತ್ತಿ. ನೀವು ನಿಂತಿರುವುದು ಸುಮಾರು 3,000 ಅಡಿಯಲ್ಲಿ. ಎದುರಿಗೆ ನೆಲ ಒಮ್ಮೆಲೇ ಕುಸಿದು ಹೋಗಿ, ದೂರದಲ್ಲಿ ಮಬ್ಬಾಗಿ ಇಂಪೀರಿಯಲ್ ಕಣಿವೆ. ಘಾಟಿ ಅಂದರೆ ನಮಗೆ ಚಾರ್ಮಾಡಿ, ಶಿರಾಡಿ. ಮಂಜು, ಹಸಿರು, ಪಾಚಿ ಕಟ್ಟಿದ ತಡೆಗೋಡೆ. ಇದೂ ಘಾಟಿಯೇ, ಆದರೆ ಯಾರೋ ಇಡೀ ಬೆಟ್ಟವನ್ನು ಒಡೆದು ಕಲ್ಲು ಸುರಿದು ಹೋದ ಹಾಗಿದೆ, ಒಂದು ಮರ ಇಲ್ಲ.

ಈ ಕಲ್ಲಿನ ರಾಶಿಯಲ್ಲಿ ದಾರಿ ಹೇಗೆ ಮಾಡಿದರು? 1860ರ ದಶಕದಲ್ಲಿ ಕೆಳಗೆ ಮೌಂಟನ್ ಸ್ಪ್ರಿಂಗ್ಸ್‌ನಲ್ಲಿ ಪೀಟರ್ ಲಾರ್ಕಿನ್ ಮತ್ತು ಜೋ ಸ್ಟಾನ್‌ಕ್ಲಿಫ್ ಅನ್ನುವ ಇಬ್ಬರು ಕಲ್ಲುಮನೆಯಲ್ಲಿ ಅಂಗಡಿ ಇಟ್ಟಿದ್ದರು. ಅಂಗಡಿ ಜೊತೆಗೆ ಎತ್ತುಗಳ ಕೆಲಸ. ಏರಿ ಬರುವ ಗಾಡಿಗಳಿಗೆ ಎತ್ತು ಕಟ್ಟಿ ಎಳೆಸುತ್ತಿದ್ದರು. ಏರು ನೂರಕ್ಕೆ ಮೂವತ್ತು, ಅಂದರೆ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಮೂವತ್ತು ಅಡಿ ಮೇಲೆ. ಈಗಿನ ಹೆದ್ದಾರಿಯ ಏರು ನೂರಕ್ಕೆ ಆರು, ಅದಕ್ಕೇ ನಮ್ಮ ಕಾರು ಏದುಸಿರು ಬಿಡುತ್ತದೆ. ಆಮೇಲೆ 1876ರವರೆಗೆ ಅದು ಸುಂಕದ ಕಟ್ಟೆಯೂ ಆಗಿತ್ತು. ಟೋಲ್ ಅನ್ನುವುದು ಹೊಸ ಕಾಟ ಅಂದುಕೊಂಡಿದ್ದರೆ ತಪ್ಪು.

ಈಗ ಇಳಿಯಿರಿ. ಒಕೊಟಿಯೊವರೆಗೆ ಹನ್ನೆರಡು ಮೈಲಿ, ಇಳಿತ ಸುಮಾರು ಎರಡೂವರೆ ಸಾವಿರ ಅಡಿ. ಬ್ರೇಕಿನ ಮೇಲೇ ಕಾಲಿಟ್ಟು ಕೂರಬೇಡಿ, ಗೇರ್ ಕಡಿಮೆ ಮಾಡಿ. ಇಳಿಯುವ ದಾರಿ ಒಂದು ಕಮರಿಯಲ್ಲಿ, ಹತ್ತುವ ದಾರಿ ಬೇರೆ ಕಮರಿಯಲ್ಲಿ, ಎದುರಿನ ಗಾಡಿಗಳು ಕಾಣುವುದೇ ಇಲ್ಲ. ಪಕ್ಕದಲ್ಲಿ ಕೂತವರಿಗೆ ಕೆಲಸ ಕೊಡಿ: ಹಳೇ ರಸ್ತೆಯ ತುಂಡು ಎಷ್ಟು ಕಂಡವು ಎಣಿಸಲಿ. ಡ್ರೈವರ್ ನೋಡಬಾರದು. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ ಫೋಟೊ ತೆಗೆಯುವ ಆಸೆಯೂ ಬೇಡ, ಹಿಂದಿನಿಂದ ಬರುವ ಲಾರಿಗಳಿಗೆ ಹಿಡಿತ ಇರುವುದಿಲ್ಲ.

ಮಳೆ ಬರುವ ದಿನ ಈ ಕಡೆ ತಲೆ ಹಾಕಬೇಡಿ. ಮಳೆ ಅಪರೂಪ, ಬಂದರೆ ಮಾತ್ರ ಬಂಡೆಯನ್ನೇ ಹೊತ್ತು ತರುತ್ತದೆ. 1976ರ ಸೆಪ್ಟೆಂಬರ್‌ನಲ್ಲಿ ಕ್ಯಾಥ್ಲೀನ್ ಚಂಡಮಾರುತ ಒಕೊಟಿಯೊ ಊರನ್ನೇ ನುಗ್ಗಿ ಹೋಯಿತು, ಐ-8 ಕೊಚ್ಚಿಹೋಯಿತು. 2023ರ ಆಗಸ್ಟ್‌ನಲ್ಲಿ ಹಿಲರಿ ಬಂದಾಗಲೂ ರಸ್ತೆ ಮೇಲೆ ಬಂಡೆ ಉರುಳಿ ದಾರಿ ನಿಂತಿತ್ತು.

ಬಯಲಿನಲ್ಲಿ

89ನೇ ಎಕ್ಸಿಟ್, ಒಕೊಟಿಯೊ. ಇಳಿದು ಇವಾನ್ ಹ್ಯೂಸ್ ಹೈವೇ ಹಿಡಿಯಿರಿ, ಇದೂ ಹಳೇ 80. ಗಾಳಿಯಂತ್ರಗಳು, ಆಮೇಲೆ ಬಟಾಬಯಲು, ಬಯಲಿನ ನಡುವೆ ಪ್ಲಾಸ್ಟರ್ ಸಿಟಿ. ಸಿಟಿ ಅಂತ ಹೆಸರು, ಇರುವುದು ಒಂದು ಜಿಪ್ಸಮ್ ಕಾರ್ಖಾನೆ. ನೇರ ರಸ್ತೆ, ನಿದ್ದೆ ಬರುತ್ತದೆ, ಯಾರಾದರೂ ಮಾತಾಡುತ್ತಿರಿ.

ಸೀಲಿ ಹತ್ತಿರ ಬಂದ ಹಾಗೆ ಇದ್ದಕ್ಕಿದ್ದಂತೆ ಹಸಿರು. ಕುದುರೆಮಸಾಲೆ, ಲೆಟಿಸ್, ಕ್ಯಾರೆಟ್. ನೀವು ಈಗ ಸಮುದ್ರ ಮಟ್ಟಕ್ಕಿಂತ ಕೆಳಗಿದ್ದೀರಿ. ಕೊಲೊರಾಡೊ ನದಿಯ ನೀರನ್ನು ಕಾಲುವೆಯಲ್ಲಿ ತಂದ ಮೇಲೆ, 1901ರಿಂದ ಈಚೆಗೆ ಹುಟ್ಟಿದ ಬೇಸಾಯ ಇದು.

ಎಲ್ ಸೆಂಟ್ರೊದಲ್ಲಿ ಊಟಕ್ಕೆ ನಿಲ್ಲಿ. ಇಲ್ಲಿ ಒಂದು ಗುರುದ್ವಾರ ಇದೆ, 1948ರಷ್ಟು ಹಳೆಯದು. ನೂರು ವರ್ಷದ ಹಿಂದೆಯೇ ಪಂಜಾಬಿನ ರೈತರು ಬಂದು ಈ ಕಣಿವೆಯಲ್ಲಿ ದುಡಿದರು. ಕ್ಯಾಲಿಫೋರ್ನಿಯಾದ 1913ರ ಕಾನೂನಿನಿಂದ ಅವರ ಹೆಸರಿಗೆ ಜಮೀನು ಆಗುತ್ತಿರಲಿಲ್ಲ. ಎಷ್ಟೋ ಜನ ಮೆಕ್ಸಿಕೊದ ಹೆಣ್ಣುಮಕ್ಕಳನ್ನು ಮದುವೆಯಾಗಿ ಇಲ್ಲೇ ನೆಲೆ ನಿಂತರು. ಪಂಜಾಬಿನಿಂದ ಈ ಕಣಿವೆಗೆ ಬಂದವರಲ್ಲೊಬ್ಬರು ದಲೀಪ್ ಸಿಂಗ್ ಸೌಂದ್. ಬರ್ಕ್ಲಿಯಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿ ಬಂದು ಇಲ್ಲಿ ಬೇಸಾಯಕ್ಕೆ ಇಳಿದವರು. 1946ರ ಕಾನೂನು ಬರುವವರೆಗೆ ಭಾರತದವರಿಗೆ ಅಮೆರಿಕದ ಪೌರತ್ವವೇ ಸಿಗುತ್ತಿರಲಿಲ್ಲ. ಅದಾದ ಹತ್ತೇ ವರ್ಷಕ್ಕೆ, 1956ರ ಚುನಾವಣೆಯಲ್ಲಿ, ಅವರು ಅಮೆರಿಕದ ಸಂಸತ್ತಿಗೆ ಗೆದ್ದರು. ಏಷ್ಯಾ ಮೂಲದವರಲ್ಲಿ ಅವರೇ ಮೊದಲಿಗರು. ವೀಸಾ ಕ್ಯೂ ಬಗ್ಗೆ ಗೊಣಗುತ್ತ ಈ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಇದು ಗೊತ್ತಾದ ಮೇಲೆ ಗೊಣಗಾಟ ಸ್ವಲ್ಪ ಕಮ್ಮಿಯಾಯಿತು. ಪೂರ್ತಿ ನಿಂತಿಲ್ಲ.

ಹಲಗೆಯ ರಸ್ತೆ

ಇಡೀ ದಿನದಲ್ಲಿ ಒಂದೇ ಕಡೆ ನಿಲ್ಲಲು ಸಮಯವಿದೆ ಅನ್ನುವುದಾದರೆ ಇಲ್ಲಿ ನಿಲ್ಲಿ.

ಹೋಲ್ಟ್‌ವಿಲ್ ದಾಟಿ ಐ-8 ಸೇರಿಕೊಂಡರೆ ಸ್ವಲ್ಪ ಹೊತ್ತಿಗೆ ಆಲ್ಗೊಡೋನ್ಸ್ ಮರಳುದಿಬ್ಬಗಳು. 156ನೇ ಎಕ್ಸಿಟ್, ಗ್ರೇಸ್ ವೆಲ್ ರೋಡ್. ಇಳಿದು ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಪಶ್ಚಿಮಕ್ಕೆ, ಅಂದರೆ ಬಂದ ದಿಕ್ಕಿಗೇ, ಸುಮಾರು ಮೂರು ಮೈಲಿ. ಮಧ್ಯಾಹ್ನ ಮೂರೂವರೆಗೆ ತಲುಪುವಂತೆ ನೋಡಿಕೊಳ್ಳಿ.

ಇದರ ಕಥೆ ಒಂದು ಜಿದ್ದಿನಿಂದ ಶುರು. ಅರಿಜೋನಾದಿಂದ ಬರುವ ಕಾರುಗಳು ತಮ್ಮ ಊರಿಗೇ ಬರಬೇಕು ಅಂತ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ನಡುವೆ ಪೈಪೋಟಿ. ಜಮೀನು ವ್ಯವಹಾರದ ಎಡ್ ಫ್ಲೆಚರ್ ಸ್ಯಾನ್ ಡಿಯಾಗೊ ಪರ. 1912ರಲ್ಲಿ ಎರಡೂ ಊರಿನಿಂದ ಫೀನಿಕ್ಸ್‌ಗೆ ಕಾರಿನ ಪಂದ್ಯ ಬಿತ್ತು. ಫ್ಲೆಚರ್ ಈ ಮರಳಿಗೆ ಬಂದಾಗ ಕಾರಿಗೆ ಆರು ಕುದುರೆ ಕಟ್ಟಿಸಿ ಎಳೆಸಿಕೊಂಡು ದಾಟಿದರು, ಪಂದ್ಯವನ್ನೂ ಗೆದ್ದರು. ಗೆದ್ದರು ಸರಿ, ದಿನಾ ಓಡಾಡುವವರಿಗೆಲ್ಲ ಕುದುರೆ ಎಲ್ಲಿಂದ ತರುವುದು?

ಮರಳಿನ ಮೇಲೆ ಹಲಗೆ ಹಾಸೋಣ ಅಂತ ತೀರ್ಮಾನವಾಯಿತು. ಫ್ಲೆಚರ್ ಚಂದಾ ಎತ್ತಿ 13,000 ಹಲಗೆ ಹೋಲ್ಟ್‌ವಿಲ್‌ಗೆ ಕಳಿಸಿದರು. 1915ರ ಫೆಬ್ರವರಿಯಲ್ಲಿ ಕೆಲಸ ಶುರು, ಏಪ್ರಿಲ್‌ನಲ್ಲಿ ಮುಗಿಯಿತು. ಆರೂವರೆ ಮೈಲಿ. ರಸ್ತೆ ಅಂದರೆ ಪೂರ್ತಿ ರಸ್ತೆ ಅಲ್ಲ, ಎಡಗಡೆ ಚಕ್ರಕ್ಕೆ ಒಂದು ಪಟ್ಟಿ, ಬಲಗಡೆ ಚಕ್ರಕ್ಕೆ ಒಂದು ಪಟ್ಟಿ, ಒಂದೊಂದು ಪಟ್ಟಿ 25 ಇಂಚು ಅಗಲ. ಚಕ್ರ ಜಾರಿದರೆ ಮರಳಿಗೆ. ಒಂದು ವರ್ಷ ಬಾಳುವುದೇ ಕಷ್ಟವಾಯಿತು.

1916ರಲ್ಲಿ ಸರ್ಕಾರವೇ ಎರಡನೆಯದನ್ನು ಹಾಕಿಸಿತು. ಎಂಟು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಚೌಕಟ್ಟುಗಳನ್ನು ಬೇರೆ ಕಡೆ ಜೋಡಿಸಿ ತಂದು ಸಾಲಾಗಿ ಮಲಗಿಸಿದರು. ಒಂದೇ ಲೇನು. ಎದುರು ಬದುರು ಬಂದರೆ ಪಕ್ಕಕ್ಕೆ ಸರಿಯಲು ಸಾವಿರ ಅಡಿಗೊಂದು ಜಾಗ. ಯಾರು ಹಿಂದೆ ಹೋಗಬೇಕು ಅಂತ ಜಗಳ ಆಗದೆ ಇರುತ್ತದಾ? ಜಗಳ ಆಗುತ್ತಿತ್ತು. ಗಾಳಿ ಬೀಸಿದರೆ ಹಲಗೆ ಮುಚ್ಚಿಹೋಗುವುದು, ಹೇಸರಗತ್ತೆ ಕಟ್ಟಿ ಮರಳು ಕೆರೆಯುವುದು, ಮರುದಿನ ಮತ್ತೆ ಅದೇ. ಹತ್ತು ವರ್ಷ ಇದೇ ಹೆದ್ದಾರಿ! 1926ರಲ್ಲಿ 20 ಅಡಿ ಅಗಲದ ಡಾಂಬರು ರಸ್ತೆ ಬಂದ ಮೇಲೆ ಹಲಗೆಗಳನ್ನು ಕೇಳುವವರಿಲ್ಲ. ಇಲ್ಲಿ ಬಿಡಾರ ಹೂಡಿದವರು ಎಷ್ಟನ್ನೋ ಸೌದೆ ಮಾಡಿ ಉರಿಸಿಬಿಟ್ಟರು. ಉಳಿದವನ್ನು 1970ರ ದಶಕದಲ್ಲಿ ಒಟ್ಟುಮಾಡಿ ಸುಮಾರು 1,500 ಅಡಿ ಮತ್ತೆ ಜೋಡಿಸಿದ್ದಾರೆ. ಸುತ್ತ ಬೇಲಿ ಇದೆ, ಹತ್ತಬೇಡಿ, ಅಂಚಿನಿಂದ ನೋಡಿ.

ಇಳಿಬಿಸಿಲಿಗೆ ಯಾಕೆ ಬರಲು ಹೇಳಿದೆ ಅಂದರೆ ಆಗ ಒಂದೊಂದು ಹಲಗೆಯ ನೆರಳೂ ಬೇರೆ ಬೇರೆ ಬೀಳುತ್ತದೆ. ಮರ ಬೂದಿ ಬಣ್ಣಕ್ಕೆ ತಿರುಗಿದೆ, ನಾರು ನಾರಾಗಿ ಸೀಳಿದೆ, ನಮ್ಮ ಅಜ್ಜಿ ಮನೆಯ ಕೊಟ್ಟಿಗೆ ಬಾಗಿಲು ಹೀಗೇ ಇತ್ತು. ಎರಡು ಹಲಗೆ ನಡುವಿನ ಸಂದಿಯಲ್ಲಿ ಮರಳು ತುಂಬಿ, ಗಾಳಿಗೆ ಅಲ್ಲೇ ಸಣ್ಣ ಸಣ್ಣ ದಿಬ್ಬ ಎದ್ದಿದೆ. ಒಂದು ಕೊನೆಯಲ್ಲಿ ಹಲಗೆಗಳು ಮರಳೊಳಗೆ ನುಗ್ಗಿ ಕಾಣೆಯಾಗುತ್ತವೆ. ಪಕ್ಕದಲ್ಲಿ ಐ-8ರಲ್ಲಿ ಲಾರಿಗಳು ಎಪ್ಪತ್ತರ ವೇಗದಲ್ಲಿ ಭರ್ರನೆ ಹೋಗುತ್ತಿರುತ್ತವೆ.

ಟಾರು ಬಿಟ್ಟು ಕಾರು ಇಳಿಸಬೇಡಿ. ನಾನು ಇಳಿಸಿದ್ದೆ. ಗಟ್ಟಿಯಾಗೇ ಕಾಣುತ್ತಿತ್ತು, ಫೋಟೊಗೆ ಅಂತ ಹತ್ತು ಅಡಿ ಒಳಗೆ ಹೋದೆ, ಮುಂದಿನ ಚಕ್ರ ಅರ್ಧ ಹೂತುಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ. ಕಾಲಿಗೆ ಹಾಕುವ ಮ್ಯಾಟುಗಳನ್ನು ಚಕ್ರದಡಿ ತುರುಕಿದೆವು, ಅವು ಹಿಂದಕ್ಕೆ ಹಾರಿದವು. ಕೊನೆಗೆ ಮರಳುಬಗ್ಗಿ (ಮರಳಿನ ಮೇಲೆ ಓಡಿಸುವ ಸಣ್ಣ ಗಾಡಿ) ಓಡಿಸುತ್ತಿದ್ದ ಒಬ್ಬರು ಹಗ್ಗ ಕಟ್ಟಿ ಎಳೆದು ಹಾಕಿದರು, ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ, ಚಕ್ಕುಲಿ ಡಬ್ಬಿ ಕೊಟ್ಟೆವು. ಫ್ಲೆಚರ್‌ಗೆ ಆರು ಕುದುರೆ, ನನಗೆ ಒಂದು ಬಗ್ಗಿ. ಹೂತರೆ ಒತ್ತುವುದು ನಿಲ್ಲಿಸಿ, ಟೈರಿನ ಗಾಳಿ ಸ್ವಲ್ಪ ಬಿಡಿ, ಹಿಂದಕ್ಕೆ ಹೋಗಲು ನೋಡಿ. ಈ ಬುದ್ಧಿ ನನಗೆ ಆಮೇಲೆ ಬಂತು.

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಮಾತ್ರ ಈ ಜಾಗಕ್ಕೆ ಬರಬೇಡಿ. ಇಡೀ ದಿಬ್ಬವೇ ಜಾತ್ರೆ, ಬಗ್ಗಿಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ನದಿ ದಾಟಿ ಯೂಮಾ

ವಿಂಟರ್‌ಹೇವನ್‌ನಲ್ಲಿ ಐ-8 ಬಿಟ್ಟು ಹಳೇ ಸೇತುವೆಯ ಮೇಲೆ ನದಿ ದಾಟಿ. ಹೆಸರು ಓಷನ್ ಟು ಓಷನ್ ಬ್ರಿಡ್ಜ್, ಅಂದರೆ ಕಡಲಿಂದ ಕಡಲಿಗೆ. ಇದೂ 1915ರದ್ದೇ. ಹಲಗೆ ರಸ್ತೆ, ಈ ಸೇತುವೆ ಎರಡೂ ಒಂದೇ ವರ್ಷ ಬಂದದ್ದರಿಂದಲೇ ಸ್ಯಾನ್ ಡಿಯಾಗೊ ದಾರಿಗೆ ಜೀವ ಬಂತು. ಅದಕ್ಕೆ ಮೊದಲು ಗಾಡಿಗಳಿಗೆ ದೋಣಿಯೇ ಗತಿ. 1988ರಲ್ಲಿ ವಾಹನ ನಿಲ್ಲಿಸಿದ್ದರು, ರಿಪೇರಿ ಮಾಡಿ 2002ರಲ್ಲಿ ಮತ್ತೆ ಬಿಟ್ಟರು. ಪಕ್ಕದ ಗುಡ್ಡದ ಮೇಲೆ 1876ರ ಹಳೇ ಜೈಲು ಇದೆ, ಮರುದಿನ ಬೆಳಿಗ್ಗೆ ನೋಡಿ.

ಗಡಿಯಾರದ ಲೆಕ್ಕ ತಪ್ಪಬೇಡಿ. ಅರಿಜೋನಾದವರು ಗಂಟೆ ಹಿಂದೆ ಮುಂದೆ ಮಾಡುವುದಿಲ್ಲ, ಹಾಗಾಗಿ ಚಳಿಗಾಲದಲ್ಲಿ ಯೂಮಾ ಒಂದು ಗಂಟೆ ಮುಂದೆ, ಬೇಸಿಗೆಯಲ್ಲಿ ಎರಡೂ ಕಡೆ ಒಂದೇ. ರಾತ್ರಿ ಇಲ್ಲೇ ಉಳಿಯಿರಿ. ಮೆಡ್‌ಜೂಲ್ ಖರ್ಜೂರ ಈ ಸುತ್ತಿನಲ್ಲೇ ಬೆಳೆಯುವುದು, ಒಂದೆರಡು ಡಬ್ಬಿ ತೆಗೆದುಕೊಳ್ಳಿ, ಪೆಟ್ರೋಲೂ ಕ್ಯಾಲಿಫೋರ್ನಿಯಾಕ್ಕಿಂತ ಅಗ್ಗ, ಟ್ಯಾಂಕ್ ತುಂಬಿಸಿಕೊಳ್ಳಿ. ಎಲೆಕ್ಟ್ರಿಕ್ ಕಾರಿನವರು ವಾಪಸ್ ಬರುವಾಗ ಎಲ್ ಸೆಂಟ್ರೊದಲ್ಲಿ ಚಾರ್ಜ್ ಚೆನ್ನಾಗಿ ತುಂಬಿಸಿಕೊಂಡೇ ಘಾಟಿ ಹತ್ತಿ. ಸಮುದ್ರ ಮಟ್ಟದ ಕೆಳಗಿನಿಂದ 4,000 ಅಡಿಗೆ ಹತ್ತುವಾಗ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ.

ಹತ್ತುವಾಗ ಘಾಟಿಯ ಬುಡದಲ್ಲಿ ಎಸಿ ಆಫ್ ಮಾಡಿ ಅನ್ನುವ ಬೋರ್ಡ್ ಬರುತ್ತದೆ. ಕಾರು ಹಳೆಯದಾಗಿದ್ದರೆ ಆ ಮಾತು ಕೇಳಿ. ರಸ್ತೆ ಪಕ್ಕದಲ್ಲಿ ಅಲ್ಲಲ್ಲಿ ರೇಡಿಯೇಟರ್‌ಗೆ ಅಂತ ನೀರಿನ ಡ್ರಮ್ಮು ಇಟ್ಟಿದ್ದಾರೆ, ಕುಡಿಯುವ ನೀರಲ್ಲ. ಮುಳ್ಳು ಕೆಂಪಿಗೆ ಹೋದರೆ ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ಅರ್ಧ ಗಂಟೆ ಸುಮ್ಮನೆ ಕೂತಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬಾರದು. ಕೂತಾಗ ಕೆಳಗೆ ಕಮರಿಯಲ್ಲಿ ಏನಾದರೂ ಕಾಣುತ್ತದೆಯಾ ನೋಡುತ್ತಿರಿ.